ಒರಳಿಗೆ ಬಂದ ಕಾಗೆ

ಹಿತ್ತಿಲ ಸೀಬೆ ಗಿಡದ ಕೆಳಗೆ ವಾದಿರಾಜ ಹಕ್ಕಿಗಳಿಗೆ ನೀರಿಟ್ಟದ್ದು ಪಕ್ಷಿಪ್ರೇಮದಿಂದ ಎಂದು ಇಡೀ ಬಡಾವಣೆ ನಂಬಿತ್ತು. ನಂಬುವ ಹಾಗೆ ಮಾಡಿದವನೂ ಅವನೇ. ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿ, ‘ಬಿರುಬೇಸಿಗೆಯಲ್ಲಿ ಮೂಕ ಜೀವಿಗಳಿಗೊಂದು ಗುಟುಕು ನೀರು’ ಎಂದು ಬರೆದಿದ್ದ. ಸಂಘದ ಕಾರ್ಯದರ್ಶಿ ಶೋಭಾರಾಣಿ ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಕಳಿಸಿದ್ದರು. ಅದನ್ನು ನೋಡಿ ತಾನು ನಿಜಕ್ಕೂ ದೊಡ್ಡ ಮನುಷ್ಯನೇ ಇರಬೇಕು ಅನ್ನಿಸಿ, ಅವತ್ತು ಮಧ್ಯಾಹ್ನ ಅವನಿಗೆ ಸೊಗಸಾಗಿ ನಿದ್ದೆ ಹತ್ತಿತ್ತು.

ಅಸಲು ಸಂಗತಿ ಬೇರೆ. ಅವನಿಗೆ ಬೇಕಾಗಿದ್ದದ್ದು ಗುಬ್ಬಿಯಲ್ಲ, ಪಿಕಳಾರವಲ್ಲ, ಗಿಳಿಯಂತೂ ಅಲ್ಲವೇ ಅಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಕಾಗೆ.

ಹೋದ ವರ್ಷ ಅಪ್ಪನ ತಿಥಿಯ ದಿನ ಕಾಗೆ ಬರಲಿಲ್ಲ. ಪಿಂಡದ ಜೊತೆ ಎಲೆಯಲ್ಲಿ ವಡೆ, ಪಾಯಸ ಎಲ್ಲ ಇಟ್ಟು, ಒದ್ದೆ ಪಂಚೆಯಲ್ಲಿ ನಿಂತು ಕಾ ಕಾ ಎಂದು ಕೂಗಿ ಅವನ ಗಂಟಲೇ ಕಾಗೆಯ ಗಂಟಲಾಯಿತು. ಪೀಣ್ಯದ ಬೆನ್ನಿಗಿರುವ ಆ ಬಡಾವಣೆಯಲ್ಲಿ ಕಾಗೆಗಳಿಗೇನೂ ಬರವಿಲ್ಲ. ಆದರೆ ಅವೆಲ್ಲ ಮೂಲೆಯ ಕಬಾಬ್ ಅಂಗಡಿಯ ಹಿಂದೆ ಸಂಸಾರ ಹೂಡಿದ್ದವು. ಉಪ್ಪು ಖಾರ ಕಮ್ಮಿಯಾದ ತಿಥಿ ಊಟ ಅವಕ್ಕೆ ಯಾತಕ್ಕೆ? ಹೊತ್ತು ಇಳಿದಾಗ ಪುರೋಹಿತ ಆಚಾರ್ರು, “ಹಸುವಿಗೆ ಕೊಟ್ಬಿಡಿ, ಅದಕ್ಕೂ ಶಾಸ್ತ್ರದಲ್ಲಿ ಅವಕಾಶ ಇದೆ” ಎಂದರು. ಹಸುವಿಗೆ ಕೊಟ್ಟದ್ದೂ ಆಯಿತು. ಅಮ್ಮ ಮಾತ್ರ ಎಲೆಯ ಮುಂದೆ ಕೂತ ಶಾಸ್ತ್ರ ಮಾಡಿ ಎದ್ದುಬಿಟ್ಟಳು.

“ನಿಮ್ಮಪ್ಪಂಗೆ ಏನೋ ಬೇಜಾರು ಕಣೋ. ಮುಟ್ಲೇ ಇಲ್ಲ,” ಎಂದಳು.

ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತನಾದವನು, ಪಿತೃಗಳು ಕಾಗೆಯಾಗಿ ಬರುತ್ತಾರೆ ಅಂದರೆ ಮೀಸೆಯಡಿ ನಗುವವನು ವಾದಿರಾಜ. ಅಂಥವನಿಗೆ ಆ ಮಾತು ವರ್ಷವಿಡೀ ಚುಚ್ಚಿತು. ಅಪ್ಪನಿಗೆ ಸಕ್ಕರೆ ಕಾಯಿಲೆ ಜೋರಾದಾಗ ತನ್ನಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದ ಮಗ ಸುತ್ತಮುತ್ತ ಇದ್ದನೇ? ಸಿಹಿ ಇಲ್ಲ, ಕರಿದದ್ದು ಇಲ್ಲ, ಡಬ್ಬಿಗಳಿಗೆಲ್ಲ ತಪಾಸಣೆ. ಅಷ್ಟು ನೋಡಿಕೊಂಡವನ ಮೇಲೆ ಎಂಥ ಬೇಜಾರು? ಈ ಸಲ ಕಾಗೆ ಬರಲೇಬೇಕು, ಅಮ್ಮ ಹೊಟ್ಟೆ ತುಂಬ ಉಣ್ಣಲೇಬೇಕು ಎಂದು ಹಟ ಹಿಡಿದ. ತಿಥಿಗೆ ಮುಂಚೆಯೇ ಕಾಗೆಗೆ ಈ ಮನೆಯ ರೂಢಿ ಹಿಡಿಸುವುದು ಅವನ ಉಪಾಯ.

ಗ್ರೈಂಡರ್ ಬಂದ ಮೇಲೆ ಮೂಲೆ ಸೇರಿದ್ದ ಒರಳುಕಲ್ಲನ್ನು ಹೆಂಡತಿ ಊರ್ಮಿಳಾ ಜೊತೆ ಸೇರಿ ಉರುಳಿಸಿ ತಂದು, ಸೊಂಟ ಹಿಡಿಸಿಕೊಂಡು, ನೀರು ತುಂಬಿಸಿದ. ಪಾರಿವಾಳಗಳು ದಂಡು ಕಟ್ಟಿಕೊಂಡು ಬಂದು ಮಿಂದವು. ಪಿಕಳಾರ ಬಂತು, ಅಳಿಲು ಬಂತು. ಕಾಗೆ ಕೊನೆಗೊಂದು ಸಂಜೆ ಬಂತು. ಬರಿಗೈಯಲ್ಲಿ ಬರಲಿಲ್ಲ ಅಷ್ಟೆ.

“ರೀ! ಒರಳಲ್ಲಿ ಕೋಳಿ ಮೂಳೆ!”

ಊರ್ಮಿಳಾ ಕಿರುಚಿದ ರಭಸಕ್ಕೆ ವಾದಿರಾಜ ಕಡ್ಡಿಪೊರಕೆ ಹಿಡಿದು ಓಡಿದ. ಕಬಾಬಿನ ತುಂಡನ್ನು ನೀರಲ್ಲಿ ನೆನೆಸುತ್ತಿದ್ದ ಕಾಗೆಯನ್ನು ಸೀಬೆ ಗಿಡದವರೆಗೂ, ಅಲ್ಲಿಂದ ತಂತಿಯವರೆಗೂ ಅಟ್ಟಿದ. ವಾಪಸು ಬಂದು ಬೆವರು ಒರೆಸಿಕೊಳ್ಳುವಾಗಲೇ ಅವನಿಗೆ ಹೊಳೆದದ್ದು: ತಿಂಗಳಿಂದ ನಾನೇ ದಾರಿ ಕಾಯುತ್ತಿದ್ದ ಅತಿಥಿಗೆ ಪೊರಕೆ ಸೇವೆ ಮಾಡಿ ಕಳಿಸಿದ್ದೇನೆ. ಇಂಥ ಬುದ್ಧಿವಂತನಿಗೆ ಕಾರ್ಖಾನೆಯವರು ಶಾಲು ಹೊದಿಸಿ ಬೀಳ್ಕೊಟ್ಟಿದ್ದರಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಕಾಗೆಗೆ ಮುಖ ನೆನಪಿರುತ್ತದಂತೆ. ಮರುದಿನ ಪೂಜೆಗೆ ಹೂ ಬಿಡಿಸಲು ಹೋದವನ ತಲೆಯನ್ನು ಹಿಂದಿನಿಂದ ಬಂದು ಕುಕ್ಕಿತು. ಅದರ ಮರುದಿನ ನೆಂಟರಿಷ್ಟರನ್ನೂ ಕರೆತಂದಿತು. ಊರ್ಮಿಳಾ ಹೋದರೆ ತಂಟೆಯಿಲ್ಲ, ಅಮ್ಮ ಹೋದರೆ ತಂಟೆಯಿಲ್ಲ. ಒರಳನ್ನು ಉಜ್ಜಿ ನೀರು ಬದಲಿಸಲು ವಾದಿರಾಜ ಹೆಲ್ಮೆಟ್ ಹಾಕಿಕೊಂಡು ಹೋಗಬೇಕಾಯಿತು. ಕಾಂಪೌಂಡಿನಾಚೆಯಿಂದ ಇದನ್ನು ಕಂಡ ಶೋಭಾರಾಣಿ, “ಹಕ್ಕಿಗಳ ಜೊತೆ ಎಷ್ಟು ಒಡನಾಟ ಸಾರ್ ನಿಮ್ದು! ಹಂಗೇ ನಿಂತ್ಕೊಳ್ಳಿ, ಗ್ರೂಪಿಗೊಂದು ಫೋಟೊ,” ಅಂದರು. ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನಕ್ಕ.

ತಿಥಿ ಬಂತು. ಆಚಾರ್ರು ಮಂತ್ರ ಹೇಳಿ ಮುಗಿಸಿ, ಎಲೆಯನ್ನು ಹಿತ್ತಿಲಲ್ಲಿ ಇಟ್ಟು ಬರಲು ಹೇಳಿದರು. ವಾದಿರಾಜ ಒದ್ದೆ ಪಂಚೆ, ಬರಿಮೈ, ಜನಿವಾರ, ತಲೆಗೆ ಹೆಲ್ಮೆಟ್.

“ಇದು ಮಡೀನಾ?” ಆಚಾರ್ರು ಕೇಳಿದರು.

“ತೊಳ್ದಿದೀನಿ ಆಚಾರ್ರೇ.”

ಒರಳಿನ ಪಕ್ಕ ಎಲೆ ಇಟ್ಟು ಕೈಮುಗಿದ. ತಂತಿಯ ಮೇಲಿದ್ದ ಕಾಗೆ ಅವನನ್ನೇ ನೋಡಿ ಬೈಯತೊಡಗಿತು, ಕೆಳಗಿಳಿಯಲಿಲ್ಲ. ಅವನು ಕಾಗೆಗೆ ಬಾಯಿಬಿಟ್ಟೇ ಕ್ಷಮೆ ಕೇಳಿದ, ಮನಸ್ಸಲ್ಲಿ ಅಪ್ಪನಿಗೂ ಹೇಳಿಕೊಂಡ. ನೆರಳು ಗೋಡೆ ಹತ್ತಿತು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಮತ್ತೆ ಹೋದ ವರ್ಷದ ಮುಖವಾಗುತ್ತಿತ್ತು. ಅವನಿಗೆ ಅಳು ಬರುವ ಹಾಗಾಯಿತು.

“ನೀನು ಒಳಗೆ ಹೋಗೋ,” ಅಂದಳು ಅಮ್ಮ. “ನೀನಿದ್ರೆ ಅದು ಇಳಿಯಲ್ಲ.”

ಹೆತ್ತ ಮಗನೇ ದೂರ ಹೋಗಬೇಕೇ? ಹೋದ. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಹತ್ತಿ, ಬೆಳಕಿಂಡಿಗೆ ಕಣ್ಣಿಟ್ಟ. ಹೆಲ್ಮೆಟ್ ತೆಗೆಯಲೂ ನೆನಪಾಗಲಿಲ್ಲ.

ಕಾಗೆ ಇಳಿಯಿತು. ಆಚೀಚೆ ನೋಡಿತು. ಪಿಂಡವನ್ನೊಮ್ಮೆ ಕುಕ್ಕಿ, ಪಾಯಸ ಬಿಟ್ಟು, ನೇರ ವಡೆಯನ್ನೇ ಕಚ್ಚಿಕೊಂಡಿತು. ಅಲ್ಲಿ ತಿನ್ನಲಿಲ್ಲ. ಒರಳಿನ ಅಂಚಿಗೆ ಹಾರಿ, ವಡೆಯನ್ನು ನೀರಲ್ಲಿ ಅದ್ದಿತು, ಮಗುಚಿ ಮತ್ತೆ ಅದ್ದಿತು, ಮೆತ್ತಗಾದ ಮೇಲೆ ನಿಧಾನವಾಗಿ ತಿನ್ನತೊಡಗಿತು.

ಹೊರಗೆ ಅಮ್ಮ ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿರಲಿಲ್ಲ.

“ಊರ್ಮಿಳಾ, ಅವರೇ ಕಣೆ! ಇವನು ಡ್ಯೂಟಿಗೆ ಹೋದ್ಮೇಲೆ ಒಂದೊಂದು ವಡೆ ಕರಿದು ಕೊಡ್ತಿದ್ದೆ. ಹಲ್ಲಿರ್ಲಿಲ್ವಲ್ಲ, ಹಿಂಗೇ ಕಾಫೀಲಿ ಅದ್ದಿ ಅದ್ದಿ ತಿನ್ನೋರು. ಇವನ ಸ್ಕೂಟರ್ ಸದ್ದು ಕೇಳಿದ್ರೆ ಬಾಯಿ ಒರೆಸ್ಕೊಂಡು ಸಾಧು ಥರ ಕೂತ್ಬಿಡೋರು. ಇವನಿದ್ರೆ ಅವರು ಯಾವತ್ತು ತಿಂದಿದ್ರು?”

ಬಕೆಟ್ಟಿನ ಮೇಲೆ ನಿಂತಿದ್ದ ವಾದಿರಾಜನಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಡಬ್ಬಿಗಳನ್ನೆಲ್ಲ ತಪಾಸಣೆ ಮಾಡಿ ಬೀಗುತ್ತಿದ್ದನಲ್ಲ, ಮನೆಯೊಳಗೇ ಅಷ್ಟು ವರ್ಷ ಇಬ್ಬರು ಮುದುಕರು ಅವನ ಕಣ್ಣಿಗೆ ಮಣ್ಣೆರಚಿದ್ದರು. ಅಪ್ಪನಿಗೆ ಬೇಜಾರಿರಲಿಲ್ಲ. ಇವನು ತೊಲಗಲಿ ಎಂದು ಕಾಯುತ್ತಿದ್ದರು, ಅಷ್ಟೆ.

“ಬಾರೋ ಹೊರಗೆ, ಕಾಗೆ ಮುಟ್ತು!” ಅಮ್ಮ ಕರೆದಳು. “ಎಲೆ ಹಾಕೋಣ, ಹಸಿವಾಗ್ತಿದೆ ನಂಗೆ.”

ಕಾಗೆ ಒರಳಿನ ಅಂಚಲ್ಲೇ ಇತ್ತು. ಎಲೆಯ ಕಡೆ ಮತ್ತೆ ಕತ್ತು ಚಾಚಿತ್ತು. ವಾದಿರಾಜ ಚಿಲಕ ತೆಗೆಯಲಿಲ್ಲ. ಕಿಂಡಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ:

“ಅಮ್ಮಾ, ಇನ್ನೊಂದೆರಡು ವಡೆ ಹಾಕು. ನಾನಿನ್ನೂ ಡ್ಯೂಟಿಯಿಂದ ಬಂದಿಲ್ಲ.”