ನಫತಾಲಿಯ ‘ಆದರೂ’

ನಫತಾಲಿಯವರ ಬಾಯಿಂದ ದೇವರ ಸ್ತುತಿ ಹೊರಟಿತೆಂದರೆ ಅದರ ಬೆನ್ನಿಗೇ ‘ಆದರೂ’ ಎಂಬ ಮಾತೂ ಹೊರಡುತ್ತಿತ್ತು. ಮಳೆ ಹದವಾಗಿ ಬಂತು, ಕರ್ತನಿಗೆ ಸ್ತೋತ್ರ, ಆದರೂ ಗಾಳಿ ಯಾಕೋ ಪಡುವಣಕ್ಕೆ ತಿರುಗಿದೆ. ಮೊಮ್ಮಗು ಸುಖವಾಗಿ ಹುಟ್ಟಿತು, ಕರ್ತನಿಗೆ ಸ್ತೋತ್ರ, ಆದರೂ ಅದರ ಅಳು ಸ್ವಲ್ಪ ಸಣ್ಣದಾಯಿತು. ಊರಿನ ಪಡ್ಡೆಗಳು ಅವರಿಗೆ ‘ಆದರೂ ತಾತ’ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಪ್ರೀತಿಯಿಂದ ಕರೀತಾರೆ ಪಾಪ, ಆದರೂ...” ಎಂದು ಅದಕ್ಕೂ ಒಂದು ಬಾಲ ಸೇರಿಸಿದರು.

ಎತ್ತರದ ಆಳು. ಭಾನುವಾರದ ಬಿಳಿಯ ಕೋಟು ಮದುವೆಯ ಕಾಲದ್ದು. ಮೈ ಇಳಿದರೂ ಕೋಟು ಇಳಿಯದೆ ಭುಜದ ಮೇಲೆ ತನ್ನಷ್ಟಕ್ಕೆ ತಾನು ನಿಂತಿರುತ್ತಿತ್ತು. ಕೆಳಗೆ ಗಂಜಿ ಹಾಕಿದ ಲಾವಾಲಾವಾ ಪಂಚೆ, ಕಂಕುಳಲ್ಲಿ ಕಪ್ಪು ಕೊಡೆ. ನಮ್ಮ ಸವಾಯಿ ದ್ವೀಪದ ಆಕಾಶ ತೊಳೆದಿಟ್ಟಂತಿದ್ದ ದಿನವೂ ಆ ಕೊಡೆಯನ್ನು ಅವರು ಮನೆಯಲ್ಲಿ ಬಿಟ್ಟವರಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಒಮ್ಮೆ ನಿಂತು ಹಿಂದಿರುಗಿ ನೋಡುವ ನಡಿಗೆ ಅವರದು. ಮಕ್ಕಳು ಚಿಕ್ಕವರಿದ್ದಾಗ ಚರ್ಚಿನ ದಾರಿಯಲ್ಲಿ ಎಲ್ಲರೂ ಹಿಂದೆ ಬರುತ್ತಿದ್ದಾರೆಯೇ ಎಂದು ನೋಡಲು ಕಲಿತದ್ದು. ಮಕ್ಕಳು ಬೆಳೆದು ಅವರವರ ದಾರಿ ಹಿಡಿದ ಮೇಲೂ ಅವರ ಕುತ್ತಿಗೆಗೆ ಆ ಸುದ್ದಿ ತಲುಪಲೇ ಇಲ್ಲ.

ನಮ್ಮ ಮನೆಗಳಿಗೆ ಗೋಡೆಗಳಿಲ್ಲ. ಕಂಬಗಳು, ಮೇಲೊಂದು ಮಾಡು, ನೆಲದ ಮೇಲೆ ಚಾಪೆ. ಮುಸ್ಸಂಜೆಗೆ ಶಂಖ ಊದಿದರೆ ಊರು ಊರೇ ‘ಸಾ’ ಹಿಡಿಯುತ್ತದೆ. ದಾರಿಯಲ್ಲಿದ್ದವರು ಇದ್ದಲ್ಲೇ ನಿಲ್ಲಬೇಕು, ಮನೆಯಲ್ಲಿದ್ದವರು ಪ್ರಾರ್ಥನೆಗೆ ಕೂರಬೇಕು, ಮತ್ತೆ ಶಂಖ ಊದುವವರೆಗೆ ಯಾರೂ ಅಲುಗಾಡುವಂತಿಲ್ಲ. ಚರ್ಚಿನ ಹಿರಿಯರಾದ ನಫತಾಲಿ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಾ ಹೊತ್ತಿನಲ್ಲಿ ಬೆಂಕಿಪೊಟ್ಟಣಕ್ಕೆಂದು ರಸ್ತೆ ದಾಟಿದ ಸ್ವಂತ ತಮ್ಮನಿಗೇ ಒಂದು ಹಂದಿಯ ದಂಡ ಹಾಕಿಸಿದವರು.

ಆ ಹೊತ್ತಿನಲ್ಲಿ ಅವರು ತಮ್ಮ ಮಕ್ಕಳ ಹೆಸರುಗಳನ್ನು ಹುಟ್ಟಿದ ಕ್ರಮದಲ್ಲಿ ಒಂದೊಂದಾಗಿ ಹೇಳಿ ದೇವರ ವಶಕ್ಕೆ ಒಪ್ಪಿಸುತ್ತಿದ್ದರು. ಸಂಜೆ ಹೆಸರು ಹೇಳದೆ ಬಿಟ್ಟ ಮಗು ಆ ರಾತ್ರಿಯೆಲ್ಲ ಬೇಲಿಯ ಹೊರಗೆ ಉಳಿದಂತೆ ಎಂಬುದು ಅವರ ದೃಢವಾದ ನಂಬಿಕೆ. ಯಾವ ಪಾದ್ರಿಯೂ ಅದನ್ನು ಬೋಧಿಸಿರಲಿಲ್ಲ. ಅವರೇ ಭಯದಲ್ಲಿ ಕಟ್ಟಿಕೊಂಡ ವೇದಾಂತ ಅದು. ಆಕ್ಲೆಂಡಿಗೆ ಕಾರ್ಖಾನೆ ಕೆಲಸಕ್ಕೆ ಹೋದ ಹಿರಿಯ ಮಗ ಲಾಮೆಕೊನ ಹೆಸರಿನ ಜೊತೆಗೆ ಅವನ ಉಣ್ಣೆಯ ಕಾಲುಚೀಲವನ್ನೂ ದೇವರಿಗೆ ನೆನಪಿಸುತ್ತಿದ್ದರು.

ಅಂಥ ಮನುಷ್ಯ ಒಂದು ಹೆಸರನ್ನು ತಮ್ಮ ಪ್ರಾರ್ಥನೆಯಿಂದ ತಾವೇ ಕಿತ್ತುಹಾಕಬೇಕಾಗಿ ಬಂತು.

ಹಿರಿಯ ಮಗಳು ಮಸೀನಾ. ದೇವಶಾಸ್ತ್ರ ಓದಿ ಪಾದ್ರಿಯಾಗಲಿದ್ದ ಹುಡುಗನೊಬ್ಬನಿಗೆ ಅವಳನ್ನು ಕೊಡುವುದಾಗಿ ನಫತಾಲಿ ಊರಸಭೆಯಲ್ಲಿ ಎದ್ದುನಿಂತು ಮಾತು ಕೊಟ್ಟಿದ್ದರು. ಮಾತಿನ ತೇವ ಆರುವ ಮೊದಲೇ ಅವಳು ಪಕ್ಕದೂರಿನ ಪೆಟೆಲೊನ ಬಸ್ಸು ಹತ್ತಿದಳು. ಇಳಿಯಲೇ ಇಲ್ಲ. ಅವನೋ ಬಸ್ಸಿನ ಚಾಲಕ, ಮೇಲಾಗಿ ಕ್ಯಾಥೊಲಿಕ್; ಬಸ್ಸಿನ ಮುಂದೆ ಕನ್ಯಾಮರಿಯಳ ಚಿತ್ರ, ಹಿಂದೆ ಕಿವಿ ಕಿತ್ತುಹೋಗುವ ಹಾಡು. ಸಭೆ ಮತ್ತೆ ಸೇರಿತು, ನಫತಾಲಿ ಮತ್ತೆ ಎದ್ದರು. “ಆ ಹೆಸರಿನವರು ನನ್ನ ಮನೇಲಿ ಯಾರೂ ಇಲ್ಲ” ಎಂದು ಹೇಳಿ ಕೂತರು. ಆ ಸಭೆಯಲ್ಲಿ ಮಾತ್ರ ಅವರು ‘ಆದರೂ’ ಎನ್ನಲಿಲ್ಲ.

ಆದರೆ ಆ ಸಂಜೆಯಿಂದಲೇ ಅದು ಪ್ರಾರ್ಥನೆಯ ಕೊನೆಗೆ ಬಂದು ಕೂತಿತು. ಹೆಸರುಗಳೆಲ್ಲ ಮುಗಿದ ಮೇಲೆ, “ಆದರೂ, ಕರ್ತನೇ...” ಎನ್ನುವರು. ಮುಂದೆ ಮಾತಿಲ್ಲ. ಸಮುದ್ರದ ಸದ್ದು ಕೇಳುವಷ್ಟು ಹೊತ್ತು ಹಾಗೇ ಇದ್ದು ಆಮೆನ್ ಹೇಳುವರು. ಗೋಡೆಯಿಲ್ಲದ ಮನೆಯಲ್ಲಿ ದೇವರ ಕಿವಿಗೆ ಮಾತ್ರ ಎಂದು ಹೇಳುವ ಮಾತಿರುವುದಿಲ್ಲ. ಕಂಬಗಳ ನಡುವೆ ಆಡಿದ್ದು ರಸ್ತೆಗೆ ಬೀಳುತ್ತದೆ, ರಸ್ತೆಯಿಂದ ಸಭೆಗೆ ಹೋಗುತ್ತದೆ. ಹೆಂಡತಿ ಲೂಪೆಗೆ ಸಹಿಸಲಾಗಲಿಲ್ಲ. “ಮನಸ್ಸಲ್ಲೇ ಹೇಳ್ಕೊಳ್ಳಿ, ಯಾರು ಬೇಡ ಅಂತಾರೆ?” ಎಂದು ಒಮ್ಮೆ ಗದರಿದಳು.

“ಮನಸ್ಸಲ್ಲಿ ಹೇಳೋದು ಪ್ರಾರ್ಥನೆ ಅಲ್ಲ ಕಣೇ, ಬರೀ ಯೋಚನೆ” ಎಂದರು ನಫತಾಲಿ. “ಅದನ್ನ ಬೆಳಗಿಂದ ರಾತ್ರಿವರೆಗೂ ಮಾಡ್ತಾನೇ ಇದ್ದೀನಿ.”

ಪೆಟೆಲೊನ ಬಸ್ಸು ಸಲೆಲೊಲೊಗಾ ಪೇಟೆಯಿಂದ ಹೊರಟು ನಮ್ಮೂರಿನ ಮೇಲೆ ಹಾದು ಹೋಗಬೇಕು. ಉಳಿದ ಬಸ್ಸುಗಳು ಶಂಖಕ್ಕೆ ಮೊದಲೇ ಊರು ದಾಟಿಬಿಡುತ್ತಿದ್ದವು. ಪೆಟೆಲೊನ ಬಸ್ಸು ಮಾತ್ರ ಅದೇನು ಗ್ರಹಚಾರವೋ, ನಫತಾಲಿಯವರ ಮನೆಯ ಮುಂದಿನ ಹಲಸಿನ ಮರದ ಹತ್ತಿರ ಬರುವುದಕ್ಕೂ ಶಂಖ ಊದುವುದಕ್ಕೂ ಸರಿಹೋಗುತ್ತಿತ್ತು. ಪೆಟೆಲೊ ವಿಧೇಯತೆಯಿಂದ ಹಾಡು ನಿಲ್ಲಿಸುವನು, ಎಂಜಿನ್ ಆರಿಸುವನು. ಅವನ ಹಿಂದಿನ ಸೀಟಿನಲ್ಲಿ ಮಸೀನಾ, ವರ್ಷ ಕಳೆದಂತೆ ತೊಡೆಯ ಮೇಲೆ ಒಂದು ಕೂಸು. ಬಸ್ಸು ತುಂಬ ಜನ ಉಸಿರು ಬಿಗಿಹಿಡಿದು ಪ್ರಾರ್ಥನೆ ಕೇಳುವರು. ಮೀನು ಮಾರುವ ಮುದುಕಿಯೊಬ್ಬಳು, “ನಿಮ್ಮ ಮಾವ ಆಮೆನ್ ಅನ್ನೋ ಹೊತ್ತಿಗೆ ನನ್ನ ಮೀನು ಎದ್ದು ವಾಪಸ್ ಸಮುದ್ರಕ್ಕೆ ಹೋಗಿರುತ್ತೆ ಕಣಪ್ಪಾ” ಎಂದು ಗೊಣಗಿದಳೇ ಹೊರತು, ಬೇರೆ ಬಸ್ಸು ಹತ್ತಲಿಲ್ಲ. ಪ್ರತಿ ಸಂಜೆ ಮಸೀನಾ ಹೆಸರುಗಳನ್ನು ಎಣಿಸುವಳು, ಅಣ್ಣನದು, ತಮ್ಮಂದಿರದು, ತಂಗಿಯದು. ಇವತ್ತಾದರೂ ತನ್ನದು ಬರಬಹುದೆ ಎಂದು ಕಿವಿಗೊಡುವಳು. ‘ಆದರೂ, ಕರ್ತನೇ’ ಬರುವುದು, ಆಮೇಲೆ ಮೌನ. ಅಪ್ಪ ಒಮ್ಮೆಯೂ ತಲೆಯೆತ್ತಿ ರಸ್ತೆಯ ಕಡೆ ನೋಡಿದ್ದನ್ನು ಅವಳು ಕಾಣಲಿಲ್ಲ. ಅಪ್ಪನಿಗೆ ತಾನಿಲ್ಲಿರುವುದೇ ಗೊತ್ತಿಲ್ಲವೇನೋ ಎಂಬ ಅನುಮಾನ ಅವಳನ್ನು ದಿನದಿನವೂ ತಿನ್ನುತ್ತಿತ್ತು.

ಹೀಗೆ ವರ್ಷಗಳು ಸಂದವು. ಒಂದು ಜನವರಿಯಲ್ಲಿ ಬಿರುಗಾಳಿಯ ಮುನ್ಸೂಚನೆ ಬಂತು. ಮಧ್ಯಾಹ್ನದಿಂದಲೇ ಸುರಿದ ಮಳೆಗೆ ಊರಾಚೆಯ ಹಳ್ಳ ಕೆಂಪಗೆ ಉಕ್ಕಿತು. ಸಂಜೆ ಶಂಖ ಊದಿದರು. ನಫತಾಲಿಯವರ ಮನೆಯಲ್ಲಿ ಓಲೆಯ ಪರದೆಗಳನ್ನು ಇಳಿಬಿಟ್ಟು ಎಲ್ಲರೂ ಕೂತರು. ರಸ್ತೆಯ ಕಡೆಯ ಪರದೆಯನ್ನು ಮಾತ್ರ ಇಳಿಸಲು ಅವರು ಬಿಡಲಿಲ್ಲ. ಇರಚಲು ಒಳಗೆ ಹೊಡೆಯುತ್ತಿದ್ದರೂ ಬೇಡವೆಂದರು.

ಕೀರ್ತನೆ ಹಾಡಿದರು. ಮುಗಿಯಿತು. ಇನ್ನೊಂದು ಹಾಡಿ ಎಂದರು ನಫತಾಲಿ. ಅದೂ ಮುಗಿಯಿತು. ಕನ್ನಡಕ ಕೇಳಿದರು, ಕೊಟ್ಟರು. ಒರೆಸಿದರು, ಮತ್ತೆ ಒರೆಸಿದರು. ಮೊದಲಿನ ಕೀರ್ತನೆಯನ್ನೇ ಇನ್ನೊಮ್ಮೆ ಎಂದಾಗ ಕಿರಿಯ ಮಗಳು ಟಿಯಾ ತಾಯಿಯ ಮುಖ ನೋಡಿದಳು. ಲೂಪೆ ಗಂಡನ ಮುಖ ನೋಡುತ್ತಿದ್ದಳು. ಹಲಸಿನ ಮರದ ಕೆಳಗೆ ಬಸ್ಸಿರಲಿಲ್ಲ. ಎಷ್ಟೋ ವರ್ಷಗಳಿಂದ ತಲೆಯೆತ್ತಿ ನೋಡದ ಮನುಷ್ಯ, ಎಂಜಿನ್ ಆರುವ ಸದ್ದು ಕೇಳಿದ ಮೇಲೆಯೇ ಪ್ರಾರ್ಥನೆಗೆ ಬಾಯಿ ತೆರೆಯುತ್ತಿದ್ದರೆಂಬುದು ಆ ಮನೆಯವರಿಗೆ ಅಂದು ತಿಳಿಯಿತು.

ನಫತಾಲಿ ಎದ್ದರು, ಕೊಡೆ ತೆಗೆದುಕೊಂಡರು. ಸಾ ಹೊತ್ತಿನಲ್ಲಿ ಹೊರಬಿದ್ದರು.

ರಸ್ತೆಯ ಕಾವಲಿಗೆ ನಿಂತಿದ್ದ ಗಂಡಸರಲ್ಲಿ ಹಂದಿ ಕಳೆದುಕೊಂಡ ತಮ್ಮನೂ ಇದ್ದ. ಅವನು ಅಡ್ಡ ಬಂದು, “ಅಣ್ಣಾ, ಇನ್ನೂ ಎರಡನೇ ಶಂಖ ಊದಿಲ್ಲ” ಎಂದ. “ಹಂದಿ ಹಟ್ಟೀಲಿದೆ, ಹೊಡ್ಕೊಂಡು ಹೋಗು” ಎಂದು ಹೇಳಿ ನಫತಾಲಿ ಮುಂದೆ ನಡೆದರು. ತಮ್ಮನೂ ಅವರ ಹಿಂದೆಯೇ ಹೊರಟ. ಅಂದು ನಫತಾಲಿ ಒಮ್ಮೆಯೂ ನಿಂತು ಹಿಂದಿರುಗಿ ನೋಡಲಿಲ್ಲ ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ.

ಬಸ್ಸು ಹಳ್ಳದ ನಡುವೆ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಪೆಟೆಲೊ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ದಡಕ್ಕೆ ದಾಟಿಸುತ್ತಿದ್ದ. ನಫತಾಲಿ ಸೊಂಟದ ನೀರಿಗೆ ಇಳಿದು ಹಗ್ಗದ ಈ ತುದಿ ಹಿಡಿದರು. ಗಾಳಿಗೆ ಕೊಡೆ ಹಾರಿಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮುದುಕಿ ಬಂದಳು, ಮೀನಿನ ಬುಟ್ಟಿ ಬರಲಿಲ್ಲ. ಕೊನೆಗೆ ಮಗುವನ್ನು ಹೆಗಲಿಗೆ ಕಟ್ಟಿಕೊಂಡು ಮಸೀನಾ ಬಂದಳು. ಅಪ್ಪನನ್ನು ನೋಡಿ ನಡುನೀರಿನಲ್ಲೇ ನಿಂತುಬಿಟ್ಟಳು. ಈಗ ಏನು ಹೇಳುವರೋ, ಬೈಯುವರೋ, ಸಭೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವರೋ ಎಂದು ನೀರಿಗಿಂತ ಹೆಚ್ಚಾಗಿ ಅದಕ್ಕೆ ಹೆದರಿದ್ದೆ ಎಂದು ಆಮೇಲೆ ಹೇಳಿದಳು.

ನಫತಾಲಿ ಅವಳ ಮುಂಗೈ ಹಿಡಿದು ಎಳೆದುಕೊಂಡರು. “ಬೇಗ ಬಾ, ಪ್ರಾರ್ಥನೆ ಇನ್ನೂ ಆಗಿಲ್ಲ” ಎಂದರು.

ಬಸ್ಸಿನವರೆಲ್ಲ ಆ ಮನೆಗೇ ಬಂದು, ತೊಯ್ದ ಬಟ್ಟೆಯಲ್ಲೇ ಚಾಪೆ ತುಂಬ ಕೂತರು. ನಫತಾಲಿ ಕಣ್ಣು ಮುಚ್ಚಿದರು. ಲಾಮೆಕೊ ಎಂದರು, ಕಾಲುಚೀಲ ಎಂದರು. ಆಮೇಲೆ, ಅದು ಎಲ್ಲಿರಬೇಕಿತ್ತೋ ಅಲ್ಲಿ, ಹುಟ್ಟಿದ ಕ್ರಮದಲ್ಲೇ, ದಾರಿಯವರೆಗೂ ಕೇಳುವ ದನಿಯಲ್ಲಿ, ಮಸೀನಾ ಎಂದರು. ಉಳಿದ ಹೆಸರುಗಳನ್ನು ಹೇಳಿದರು. ‘ಆದರೂ’ ಬರುತ್ತದೆಂದು ಮನೆಯವರು ಕಾದರು. ಆಮೆನ್ ಬಂತು.

ಸಭೆ ಅವರಿಗೆ ದಂಡ ಹಾಕಿತು, ಹಿರಿತನವನ್ನೂ ಕಿತ್ತುಕೊಂಡಿತು. ಬಿಳಿಯ ಕೋಟು ತೊಟ್ಟು ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಅವರು ಮತ್ತೂ ಬಹುಕಾಲ ಬದುಕಿದರು. ಮರಿಮಕ್ಕಳಾದ ನಮ್ಮ ಹೆಸರುಗಳೂ ಸೇರಿ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ ಎರಡನೆಯ ಶಂಖದವರೆಗಿನ ಹೊತ್ತು ಅವರಿಗೆ ಯಾವತ್ತೂ ಸಾಲುತ್ತಿರಲಿಲ್ಲ. ಅವರಿಗೆ ನೆಮ್ಮದಿ ಬಂತು ಎಂದೇನೂ ತಿಳಿಯಬೇಡಿ. ಬಸ್ಸು ಮತ್ತೆ ಓಡಿದ ಮೊದಲ ಸಂಜೆಯೇ, “ಮಗಳು ಸಿಕ್ಕಳು, ಕರ್ತನೇ ನಿನಗೆ ಸ್ತೋತ್ರ. ಆದರೂ ಆ ಬಸ್ಸಿನ ಬ್ರೇಕು...” ಎಂದು ಶುರುಮಾಡಿದ್ದರು. ಅದನ್ನು ಬಸ್ಸಿನಿಂದ ಕೇಳಿದ ಪೆಟೆಲೊ ಆ ವಾರವೇ ಬ್ರೇಕು ಬದಲಿಸಿದ.

ವಿಶ್ವಾಸವುಳ್ಳವರಿಗೆ ಭಯವಿಲ್ಲ ಎಂದು ಪಾದ್ರಿಗಳು ಹೇಳುತ್ತಾರೆ. ಪಾದ್ರಿಗಳಿಗೆ ಎಲ್ಲ ಬಗೆಯ ವಿಶ್ವಾಸಿಗಳೂ ಗೊತ್ತಿರುವುದಿಲ್ಲ. ದೇವರು ನಿದ್ರಿಸುವುದಿಲ್ಲವೆಂದು ನಂಬಿಯೂ ಅವನ ಜೊತೆಗೆ ತಾವೂ ಎದ್ದು ಕೂತಿರುವ ಜನ ಕೆಲವರಿದ್ದಾರೆ. ಅವರಿಗೆ ಪ್ರೀತಿ ಎಂಬುದು ಚಿಂತೆಯ ರೂಪದಲ್ಲಿ ಮಾತ್ರ ಕೈಗೆ ಸಿಕ್ಕಿರುತ್ತದೆ. ಅದನ್ನು ಕಳೆದುಕೊಳ್ಳಲು ಅವರು ಒಪ್ಪುವುದಿಲ್ಲ. ನಮ್ಮಂಥವರು ಕಣ್ತುಂಬ ನಿದ್ದೆ ಮಾಡುವುದು ಅವರು ಎದ್ದಿರುತ್ತಾರೆ ಎಂಬ ಧೈರ್ಯದ ಮೇಲೆ. ನಫತಾಲಿ ಈಗ ತಮ್ಮ ಮನೆಯ ಮುಂದೆ, ಹಲಸಿನ ಮರದ ಬುಡದಲ್ಲಿ ಮಲಗಿದ್ದಾರೆ. ಸಂಜೆ ಅಲ್ಲಿ ಬಸ್ಸಿನ ಎಂಜಿನ್ ಆರುತ್ತದೆ, ಪ್ರಾರ್ಥನೆ ನಡೆಯುತ್ತದೆ, ಎಲ್ಲರ ಹೆಸರೂ ಬರುತ್ತದೆ, ಎಲ್ಲರೂ ಕ್ಷೇಮ. ಆದರೂ, ನಮ್ಮ ಹೆಸರನ್ನು ಅಷ್ಟೊಂದು ಹೆದರಿಕೊಂಡು ಹೇಳುವವರು ಈಗ ಯಾರೂ ಇಲ್ಲ.