ಅವ್ವನ ಎಡಗೆನ್ನೆ

ಅವ್ವ ಸತ್ತ ಮೇಲೆ ಅವಳ ಚಿತ್ರ ಬರೆಸಲು ನಾನೇ ಕೆಸರೆಯ ಕಲಾವಿದ ಸಿದ್ದೇಶ್ ಅವರ ಬಳಿ ಹೋದೆ. ಮನೆಯಲ್ಲಿದ್ದ ಎಲ್ಲ ಫೋಟೊಗಳಲ್ಲೂ ಅವ್ವ ಬಲಗೆನ್ನೆಯನ್ನಷ್ಟೇ ತೋರಿಸಿದ್ದಳು. ಎಡಗೆನ್ನೆಯ ಮೇಲೆ ಅಪ್ಪ ಹಿತ್ತಾಳೆ ಚೊಂಬಿನಿಂದ ಹೊಡೆದ ಕಲೆ ಇತ್ತು. ಹಾಗಾಗಿ ಸಿದ್ದೇಶ್ ನನ್ನನ್ನು ಎದುರು ಕೂರಿಸಿಕೊಂಡು, ನನ್ನ ಎಡಗೆನ್ನೆ ನೋಡಿ ಅವ್ವನದನ್ನು ಬರೆದರು. ಕಲೆ ಎಲ್ಲಿತ್ತೆಂದು ನಾನು ಬೆರಳಿಟ್ಟು ತೋರಿಸಿದೆ.

ಚಿತ್ರ ಮುಗಿದ ದಿನ ಅಪ್ಪನೂ ನನ್ನ ಜೊತೆ ಬಂದರು.

"ಏನ್ರೀ ಇದು? ಆ ಕಲೆ ಅಳಿಸ್ಬುಡಿ. ನೆಂಟ್ರು ನೋಡಿದ್ರೆ ಏನಂದ್ಕೊಂಡಾರು?"

"ಬರೆಸಿದ್ದು ನಿಮ್ಮ ಮಗಳು ಕಣ್ರೀ. ಅವರು ಹೇಳಲಿ."

ಅಪ್ಪ ನಕ್ಕರು. "ಇವಳಾ? ಇವಳಿಗೆಲ್ಲೈತೆ ಬಾಯಿ? ಅವ್ವನ ಥರಾನೇ ಮೂಗಿ."

ಮೇಜಿನ ಮೇಲಿದ್ದ ಬಣ್ಣ ಕೆರೆಯುವ ಚಾಕು ಎತ್ತಿಕೊಂಡು ಅವ್ವನ ಕೆನ್ನೆಯತ್ತ ಬೀಸಿದರು. ನಾನು ಚಿತ್ರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟೆ. ಅಲಗು ನನ್ನ ಎಡಗೆನ್ನೆಯನ್ನು ಸೀಳಿತು. ಸಿದ್ದೇಶ್ ಅಪ್ಪನ ಕೈ ತಿರುಚಿ, ಅವರನ್ನು ಗೋಡೆಗೆ ಅಪ್ಪಳಿಸಿದರು. ಚಾಕು ಬಿದ್ದರೂ ಅಪ್ಪ ಒದೆಯುತ್ತಲೇ, ಬಯ್ಯುತ್ತಲೇ ಇದ್ದರು. ನನ್ನ ಮುಖ ಕಂಡಾಗಲೇ ಸುಮ್ಮನಾದದ್ದು.

ದುಪ್ಪಟ್ಟಾ ಒತ್ತಿ ಹಿಡಿದರೂ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. "ಮೊದಲು ಆಸ್ಪತ್ರೆಗೆ ನಡೀರಮ್ಮ," ಎಂದರು ಸಿದ್ದೇಶ್.

"ಬರ್ತೀನಿ ಸಾರ್. ಅವ್ವನ ಕಲೆ ಮಾತ್ರ ಅಳಿಸ್ಬೇಡಿ," ಎಂದೆ. ಆಮೇಲೆ ಅಪ್ಪನ ಕಣ್ಣನ್ನೇ ನೋಡಿ ಹೇಳಿದೆ: "ಆಸ್ಪತ್ರೆಯಿಂದ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ."