ಗುಬ್ಬಿ ಟೀಚರಾಗಿ ಬಂದಳು

ಶಿಶುವಿಹಾರದ ಪುಟ್ಟ ಮಕ್ಕಳ ತರಗತಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿಯಾಗಿದ್ದವಳನ್ನು ಮಕ್ಕಳು, ಅವರ ಹೆತ್ತವರು, ಗೇಟಿನ ಕಾವಲುಗಾರ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಮೂಗು ಒರೆಸುವುದು, ಶೂ ದಾರ ಕಟ್ಟುವುದು, ಒದ್ದೆ ಚಡ್ಡಿ ಬದಲಿಸುವುದು, ಮಧ್ಯಾಹ್ನ ಇಪ್ಪತ್ತೆರಡು ಚಾಪೆ ಹಾಸಿ ಇಪ್ಪತ್ತೆರಡು ಮಕ್ಕಳನ್ನು ಮಲಗಿಸುವುದು ಅವಳ ಕೆಲಸ. ಟೀಚರುಗಳು ಬಂದರು, ಹೋದರು. ಅಕ್ಕ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ ಇದ್ದಳು. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ, ಗುಬ್ಬಿ ಅದೇ ತರಗತಿಗೆ ಟೀಚರಾಗಿ ಬರುವವರೆಗೆ.

ಗುಬ್ಬಿ ಎನ್ನುವುದು ಅಕ್ಕನೇ ಇಟ್ಟ ಹೆಸರು. ಆಳು ಗಿಡ್ಡ, ಮಾತು ಮಾತ್ರ ಇಡೀ ದಿನ. ಆರು ವರ್ಷದ ಹಿಂದೆ ಅವಳೂ ಸಹಾಯಕಿಯಾಗಿಯೇ ಸೇರಿದ್ದಳು. ಅಳುವ ಮಗುವನ್ನು ಎತ್ತಿಕೊಳ್ಳುವ ಮೊದಲು ಅದರ ಎತ್ತರಕ್ಕೆ ಕೂರಬೇಕು ಎನ್ನುವುದರಿಂದ ಹಿಡಿದು, ಕೂದಲಿಗೆ ಮೆತ್ತಿದ ಗೋಂದು ಬಿಡಿಸುವವರೆಗೆ ಎಲ್ಲವನ್ನೂ ಕಲಿಸಿದವಳು ಅಕ್ಕ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ, ಇಬ್ಬರೂ ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಕುರ್ಚಿಗಳಲ್ಲಿ ಕೂತು ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದರು. ಶಿಕ್ಷಕಿಯ ಪದವಿ ಮಾಡಿದರೆ ಗಿಟ್ಟುತ್ತದೆಯೇ? ಸಹಾಯಕಿಗೆ ತಿಂಗಳಿಗೆ ಹತ್ತು ಸಾವಿರ, ಟೀಚರಿಗೆ ಹದಿನೇಳು. ಓದಲು ಹೋದರೆ ಮೂರು ವರ್ಷದ ಸಂಬಳ ಖೋತಾ, ಅದರ ಮೇಲೆ ಫೀಸಿನ ಸಾಲ. ಮುಗಿಸಿ ಬಂದ ಮೇಲೆ ಎಂಟು ವರ್ಷ ತಿಂಗಳಿಗೆ ಐದು ಸಾವಿರ ಕಂತು. ಹದಿನೇಳರಲ್ಲಿ ಐದು ಹೋದರೆ ಹನ್ನೆರಡು. ಅಷ್ಟೆಲ್ಲ ಓದಿ ಸಹಾಯಕಿಗಿಂತ ಎರಡೇ ಸಾವಿರ ಹೆಚ್ಚು. ಕಳೆದುಕೊಂಡ ಸಂಬಳ ತುಂಬಿಬರಲು ಪದವಿಯಾದ ಮೇಲೂ ಹತ್ತು ವರ್ಷ ಬೇಕು. ಆಗ ತನಗೆ ನಲವತ್ತಾರು ತುಂಬಿರುತ್ತದೆ ಎಂದು ಅಕ್ಕ ಪೆನ್ಸಿಲ್ ಕೆಳಗಿಟ್ಟಳು.

“ಬೇಡ ಕಣೇ, ಕೈ ಸುಟ್ಕೊಳ್ಳೋ ಕೆಲಸ,” ಎಂದಳು.

ಗುಬ್ಬಿಯೂ ಹೌದೆಂದು ತಲೆಯಾಡಿಸಿದಳು. ಮುಂದಿನ ವಾರವೇ ಅವಳು ಕಾಲೇಜಿಗೆ ಅರ್ಜಿ ಹಾಕಿದ ಸುದ್ದಿ ಅಕ್ಕನಿಗೆ ತಿಳಿದದ್ದು ಕಾವಲುಗಾರನ ಬಾಯಿಂದ.

ಈಗ ಅವಳು ಬಂದಿದ್ದಳು. ಅಕ್ಕ ಒರೆಸಿಟ್ಟ ಮೇಜಿನ ಹಿಂದೆ, ದೊಡ್ಡವರ ಕುರ್ಚಿಯಲ್ಲಿ. ಮೊದಲ ದಿನ ಅಕ್ಕ ಅಭ್ಯಾಸಬಲದಿಂದ “ಏನೇ ಗುಬ್ಬಿ, ಆ ಬಣ್ಣದ ಡಬ್ಬಿ ಎಲ್ಲಿಟ್ಟೆ?” ಎಂದು ಕೇಳಿದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಶಿಶುವಿಹಾರದ ಮುಖ್ಯಸ್ಥೆ ದೊಡ್ಡ ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ಮಕ್ಕಳ ಮುಂದೆ ಟೀಚರ್ ಎನ್ನಿ, ನೀವು ಎನ್ನಿ ಎಂದು ಮೆತ್ತಗೆ ತಿದ್ದಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ಆವತ್ತಿನಿಂದ ಅಕ್ಕ ದಿನಕ್ಕೆ ನಲವತ್ತು ಸಲ “ಟೀಚರ್, ನೀವು” ಎನ್ನುತ್ತಿದ್ದಳು. ಪ್ರತಿ ಸಲವೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗುತ್ತಿತ್ತು.

ಗುಬ್ಬಿ ಜಂಬ ಪಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಜಂಬ ಪಡಲಿಲ್ಲ. ಮೊದಲಿನ ಹಾಗೆಯೇ ಅಕ್ಕಾ ಎನ್ನುತ್ತಿದ್ದಳು, ಚಾಪೆ ಮಡಚಲು ಕೈ ಜೋಡಿಸುತ್ತಿದ್ದಳು. ಆದರೆ ಸಂಜೆ ಬಾಗಿಲ ಬಳಿ ತಾಯಂದಿರು ಬಂದಾಗ, ಅಕ್ಕ ಮೂರು ವಾರ ಹೆಣಗಿ ಚಮಚ ಹಿಡಿಯಲು ಕಲಿಸಿದ ಮಗುವಿನ ತಾಯಿ “ಥ್ಯಾಂಕ್ಸ್ ಟೀಚರ್” ಎಂದದ್ದು ಗುಬ್ಬಿಗೆ. ಅದೇ ತಾಯಿ ಒದ್ದೆ ಬಟ್ಟೆಯ ಚೀಲಕ್ಕಾಗಿ ಕೈ ಚಾಚಿದ್ದು ಅಕ್ಕನ ಕಡೆಗೆ. ಅಕ್ಕ ಮನೆಗೆ ಹೋಗಿ ಪಾತ್ರೆಗಳನ್ನು ಸದ್ದಾಗುವಂತೆ ತೊಳೆದಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, ಆ ಪಾತ್ರೆ ಏನು ತಪ್ಪು ಮಾಡಿತು ಎಂದು ಕೇಳಿ ಬೈಸಿಕೊಂಡ.

ಹೊಸ ಟೀಚರಿಗೆ ಮೂರು ತಿಂಗಳ ಪರೀಕ್ಷಾ ಅವಧಿ. ಅದರ ಕೊನೆಗೆ ಹೊರಗಿನಿಂದ ಒಬ್ಬ ಪರಿವೀಕ್ಷಕಿ ಬಂದು, ಒಂದು ಗಂಟೆ ಹಿಂದೆ ಕೂತು ಪಾಠ ನೋಡಿ ಬರೆದುಕೊಂಡು ಹೋಗುತ್ತಾರೆ. ಅದರಲ್ಲಿ ತೇರ್ಗಡೆಯಾದರೆ ಕೆಲಸ ಕಾಯಂ, ಪೂರ್ತಿ ಸಂಬಳ. ಆ ದಿನ ಬೆಳಿಗ್ಗೆ ಕಾವಲುಗಾರ ಅಕ್ಕನನ್ನು ಗೇಟಿನಲ್ಲೇ ನಿಲ್ಲಿಸಿ, ಹತ್ತೂವರೆಗೆ ಬೆಂಕಿ ಗಂಟೆ ಹೊಡೆದು ಮಕ್ಕಳನ್ನು ಹೊರಗೆ ಕರೆದೊಯ್ಯುವ ಅಭ್ಯಾಸವಿದೆ, ನಿಮ್ಮ ಟೀಚರಿಗೆ ಹೇಳಿಬಿಡಿ ಎಂದ. ಅಕ್ಕ ಹೂಂ ಎಂದಳು.

ತರಗತಿಯಲ್ಲಿ ಎಲ್ಲರೂ ಮೊಲ ಎಂದು ಕರೆಯುವ ಒಂದು ಹುಡುಗಿಯಿತ್ತು. ಜೋರು ಸದ್ದು ಕೇಳಿದರೆ ಅದಕ್ಕೆ ಜೀವವೇ ಹೋದ ಹಾಗೆ. ತುಂಬಿದ ನೀರಿನ ಲೋಟ ಕೈಗೆ ಕೊಟ್ಟು, ಚೆಲ್ಲದಂತೆ ಹಿಡ್ಕೋ ಎಂದರೆ ಮಾತ್ರ ಅದರ ಗಮನವೆಲ್ಲ ಲೋಟಕ್ಕೆ ಹೋಗುತ್ತಿತ್ತು. ಈ ಉಪಾಯ ಅಕ್ಕನೊಬ್ಬಳಿಗೇ ಗೊತ್ತು. ಗುಬ್ಬಿ ಬಂದ ಮೇಲೆ ಅಂಥ ಗಂಟೆ ಒಮ್ಮೆಯೂ ಹೊಡೆದಿರಲಿಲ್ಲ.

ಹೇಳಬೇಕೆಂದು ಅಕ್ಕ ಎರಡು ಸಲ ಮೇಜಿನ ಬಳಿ ಹೋದಳು. ಮೊದಲ ಸಲ ಗುಬ್ಬಿ ಪರಿವೀಕ್ಷಕಿಗೆ ಕುರ್ಚಿ ಹಾಕುತ್ತಿದ್ದಳು. ಎರಡನೆಯ ಸಲ ಆಕೆ ಗುಬ್ಬಿಗೆ “ನಿಮ್ಮ ತರಗತಿ ಎಷ್ಟು ಅಚ್ಚುಕಟ್ಟಾಗಿದೆ” ಎನ್ನುತ್ತಿದ್ದರು. ಹಿಂದಿನ ಸಂಜೆ ಆರರವರೆಗೆ ನಿಂತು ಅದನ್ನು ಅಚ್ಚುಕಟ್ಟು ಮಾಡಿದವಳು ಅಕ್ಕ. ಅವಳು ಟವಲುಗಳನ್ನು ಎತ್ತಿಕೊಂಡು ಕೈ ತೊಳೆಯುವ ಕೋಣೆಗೆ ನಡೆದಳು.

ಗಂಟೆ ಹೊಡೆಯಿತು. ಮೊಲ ಕಿರುಚಿ ತರಗತಿಯ ಮೂಲೆಯ ಸಿಂಕಿನ ಕೆಳಗಿನ ಕಪಾಟಿಗೆ ನುಗ್ಗಿತು. ಎಳೆಯಲು ಹೋದ ಗುಬ್ಬಿಯ ಕೈಯನ್ನು ಕಚ್ಚಿತು. ಅದನ್ನು ನೋಡಿ ಒಂದು ಅತ್ತಿತು, ಒಂದನ್ನು ನೋಡಿ ಹತ್ತು ಅತ್ತವು. ಅಕ್ಕ ಟವಲು ಹಿಡಿದು ಕೈ ತೊಳೆಯುವ ಕೋಣೆಯ ಬಾಗಿಲ ಬಳಿ ನಿಂತಿದ್ದಳು. ಈಗ ಹೋಗಬಹುದಿತ್ತು. ಇನ್ನು ಸ್ವಲ್ಪ ಹೊತ್ತು, ಎಂದಿತು ಒಳಗಿನದೊಂದು. ಪರಿವೀಕ್ಷಕಿ ಪೆನ್ನು ತೆಗೆದು ಏನೋ ಬರೆದದ್ದನ್ನು ನೋಡಿದ ಮೇಲೆಯೇ ಅವಳು ಲೋಟಕ್ಕೆ ನೀರು ತುಂಬಿ, ನೆಲಕ್ಕೆ ಕೂತು, ಕಪಾಟಿನೊಳಗೆ ಚಾಚಿದಳು. ಎರಡೇ ನಿಮಿಷದಲ್ಲಿ ಮೊಲ ಲೋಟ ಹಿಡಿದು ಹೊರಗೆ ನಡೆಯಿತು, ಉಳಿದವು ಅದರ ಹಿಂದೆ.

ಇಂಥ ಸಹಾಯಕಿ ಇರುವುದು ನಿಮ್ಮ ಅದೃಷ್ಟ ಎಂದು ಪರಿವೀಕ್ಷಕಿ ದೊಡ್ಡ ಮೇಡಂಗೆ ಎಲ್ಲರೆದುರು ಹೇಳಿದರು. ಗುಬ್ಬಿಯ ಪರೀಕ್ಷಾ ಅವಧಿ ಇನ್ನೂ ಮೂರು ತಿಂಗಳು ಮುಂದುವರಿಯಿತು. ಅಲ್ಲಿಯವರೆಗೆ ಸಂಬಳ ಹದಿನೇಳಲ್ಲ, ಹನ್ನೆರಡೇ ಸಾವಿರ. ಕಂತು ಕಳೆದರೆ ಏಳು, ಸಹಾಯಕಿಗಿಂತ ಕಡಿಮೆ. ಅಕ್ಕನಿಗೆ ಈ ಲೆಕ್ಕಕ್ಕೆ ಪೆನ್ಸಿಲ್ ಬೇಕಾಗಲಿಲ್ಲ. ಬಯಸಿದ ಹೊಗಳಿಕೆ ಸಿಕ್ಕಿತ್ತು, ಬಾಯಿಗೆ ಹಾಕಿದರೆ ಬೂದಿ.

ಮೂರನೆಯ ದಿನ ಸಾಮಾನಿನ ಕೋಣೆಯಲ್ಲಿ ಇಬ್ಬರೂ ಬಣ್ಣದ ಕಾಗದ ಕತ್ತರಿಸುತ್ತಿದ್ದರು. ಗುಬ್ಬಿಯ ಕೈಗೆ ಬ್ಯಾಂಡೇಜ್ ಇತ್ತು.

“ಗಂಟೆ ಹೊಡೀತಾರೆ ಅಂತ ನನಗೆ ಗೊತ್ತಿತ್ತು,” ಎಂದಳು ಅಕ್ಕ. “ನಿನಗೆ ಹೇಳು ಅಂತ ಹೇಳಿ ಕಳಿಸಿದ್ರು. ನಾನು ಹೇಳಲಿಲ್ಲ.”

ಗುಬ್ಬಿ ಕತ್ತರಿ ನಿಲ್ಲಿಸಲಿಲ್ಲ. “ಗೊತ್ತು. ಅವತ್ತೇ ಸಾಯಂಕಾಲ ಗೇಟಲ್ಲಿ ಕೇಳಿದೆ. ನೀವು ಬಾಗಿಲಲ್ಲಿ ನಿಂತಿದ್ದನ್ನೂ ನೋಡಿದೆ.”

“ಮತ್ತೆ ಮೇಡಂಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮನ್ನ ತೆಗೆದುಬಿಡ್ತಾರೆ. ನೀವಿಲ್ಲದೆ ಈ ಇಪ್ಪತ್ತೆರಡನ್ನ ನಾನೊಬ್ಬಳೇ ಹೇಗೆ ಸಂಭಾಳಿಸ್ಲಿ?” ಎಂದು ಅವಳು ಕಾಗದದ ಚೂರುಗಳನ್ನು ಬಾಚಿಕೊಂಡು ಎದ್ದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ.

ಅಕ್ಕ ಮರುದಿನ ಬೆಳಿಗ್ಗೆ ದೊಡ್ಡ ಮೇಡಂ ಕೋಣೆಗೆ ಹೋಗಿ ನಡೆದದ್ದನ್ನು ತಾನೇ ಹೇಳಿದಳು. ಮೇಡಂ ಎಚ್ಚರಿಕೆ ಪತ್ರದ ಫಾರಂ ತೆಗೆದು, ಕಾರಣ ಎಂಬ ಕಡೆ ಪೆನ್ನಿಟ್ಟು, ಏಕೆ ಹೀಗೆ ಮಾಡಿದಿರಿ ಎಂದರು.

“ಹೊಟ್ಟೆಕಿಚ್ಚು, ಮೇಡಂ.”

ಮೇಡಂ ಆ ಜಾಗದಲ್ಲಿ “ಮಾಹಿತಿ ತಲುಪಿಸುವಲ್ಲಿ ಲೋಪ” ಎಂದು ಬರೆದರು. ಅಕ್ಕನ ಒಂದು ವಾರದ ಸಂಬಳ ಹೋಯಿತು. ಪರಿವೀಕ್ಷಕಿ ತಿಂಗಳೊಳಗೆ ಮತ್ತೆ ಬಂದರು, ಗುಬ್ಬಿ ತೇರ್ಗಡೆಯಾದಳು. ಆದರೂ ಅವಳು ಅಕ್ಕನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅಕ್ಕನ ಉರಿಯೂ ಆರಿರಲಿಲ್ಲ. ತಪ್ಪೊಪ್ಪಿಕೊಂಡರೆ ಹೋಗಿಬಿಡುತ್ತದೆ ಎಂದುಕೊಂಡಿದ್ದಳು. ಎಲ್ಲಿ ಹೋಗುತ್ತದೆ? ಗುಬ್ಬಿ ಹಲಗೆಯ ಮುಂದೆ ನಿಂತು ಕತೆ ಹೇಳುವಾಗ ಅದು ಮತ್ತೆ ಹೊಗೆಯಾಡುತ್ತಿತ್ತು. ಈ ಕತೆಯನ್ನು ನಾನು ಇನ್ನೂ ಚೆನ್ನಾಗಿ ಹೇಳುತ್ತೇನೆ ಎನಿಸುತ್ತಿತ್ತು. ಅದು ನಿಜವೂ ಆಗಿತ್ತು.

ಒಂದು ಶನಿವಾರ ಅವಳು ಯಾರಿಗೂ ಹೇಳದೆ ಕಾಲೇಜಿನ ಕೌಂಟರಿಗೆ ಹೋದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ಶಾಲೆಯಲ್ಲಿ ಕೆಲಸದಲ್ಲಿರುವವರಿಗೆ ಸಂಜೆಯ ವಿಭಾಗವಿದೆ, ನಾಲ್ಕು ವರ್ಷ, ಫೀಸು ಅರ್ಧ ಎಂದ. ಸಂಬಳ ಬಿಡಬೇಕಾಗಿಲ್ಲ. ಸಾಲದ ಕಂತು ಎರಡೂವರೆ ಸಾವಿರ, ಅದೂ ಮೊದಲ ತಿಂಗಳಿಂದಲೇ. ಇದು ಯಾವಾಗ ಶುರುವಾಯಿತು ಎಂದು ಅಕ್ಕ ಕೇಳಿದಳು. ಒಂಬತ್ತು ವರ್ಷವಾಯಿತು ಎಂದ. ಅಂದು ಅವರಿಬ್ಬರೂ ಹಾಳೆ ತುಂಬ ಅಂಕಿ ಬರೆದಿದ್ದರೇ ಹೊರತು, ಬಂದು ಕೇಳಿರಲಿಲ್ಲ.

ಮನೆಯಲ್ಲಿ ಲೆಕ್ಕ ಹೊಸದಾಗಿ ನಡೆಯಿತು. ನಾಲ್ಕು ವರ್ಷ ಏಳೂವರೆ ಸಾವಿರದಲ್ಲಿ ಬದುಕಬೇಕು. ಗಂಡ ಬೆರಳು ಮಡಿಚಿ ಎಣಿಸಿ, “ಬಾಡಿಗೆ ನಾನು ಕಟ್ತೀನಿ. ಅಡುಗೆ ಮಾತ್ರ ನನ್ನಿಂದ ಆಗಲ್ಲ,” ಎಂದ. ಆಮೇಲೆ ಅವಳ ಮುಖ ನೋಡಿ, ಅನ್ನ ಮಾಡುವುದಾದರೆ ಕಲಿಯುತ್ತೇನೆ ಎಂದು ಸೇರಿಸಿದ.

ಅರ್ಜಿಗೆ ತರಗತಿಯ ಟೀಚರ್ ಬರೆದ ಶಿಫಾರಸು ಬೇಕಿತ್ತು. ಅಕ್ಕ ಎರಡು ದಿನ ಅದರ ಫಾರಂ ಚೀಲದಲ್ಲೇ ಇಟ್ಟುಕೊಂಡು ತಿರುಗಿದಳು. ಮೂರನೆಯ ದಿನ ಮೇಜಿನ ಮೇಲಿಟ್ಟು, “ಟೀಚರ್, ನೀವು ಇದನ್ನು ಬರೆದುಕೊಡಬೇಕು,” ಎಂದಳು. ಗುಬ್ಬಿ ಫಾರಂ ಓದಿ ಡ್ರಾಯರಿಗೆ ಹಾಕಿದಳು. ಐದನೆಯ ದಿನ ಅಂಟಿಸಿದ ಲಕೋಟೆ ಕೊಟ್ಟಳು. ಒಳಗೆ ಏನು ಬರೆದಿತ್ತೋ ಅಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಸೀಟು ಮಾತ್ರ ಸಿಕ್ಕಿತು.

ಸಂಜೆಯ ತರಗತಿ ಶುರುವಾಗುವ ಹಿಂದಿನ ದಿನ, ಮಕ್ಕಳು ಹೋದ ಮೇಲೆ, ಗುಬ್ಬಿ ಒಂದು ರಟ್ಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಪುಟ್ಟ ಮೇಜಿನ ಮೇಲಿಟ್ಟಳು. ಮೊದಲ ವರ್ಷದ ಪುಸ್ತಕಗಳು, ನೋಟ್ಸು.

“ಅರ್ಧ ಬೆಲೆ,” ಎಂದಳು. “ಸುಮ್ನೆ ಕೊಡೋಣ ಅಂದ್ಕೊಂಡೆ ಅಕ್ಕಾ. ಕೈ ಬರಲಿಲ್ಲ. ನನ್ನ ಕಂತು ಇನ್ನೂ ಏಳು ವರ್ಷದ ಮೇಲಿದೆ.”

ಅಕ್ಕ ಒಂದೊಂದೇ ಪುಸ್ತಕ ತೆರೆದು ನೋಡಿದಳು. ಅಂಚಿನಲ್ಲಿ ಮುತ್ತು ಪೋಣಿಸಿದ ಹಾಗೆ ಸಣ್ಣ ಅಕ್ಷರ, ಕೆಂಪು ಗೆರೆ, ನೀಲಿ ಗೆರೆ. ಇಷ್ಟು ಚೆಂದ ಬರೆಯಲು ಇವಳು ಯಾವಾಗ ಕಲಿತಳೋ ಎಂದು ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಎರಡು ಪುಸ್ತಕಗಳ ರಟ್ಟು ಕಿತ್ತುಹೋಗಿದೆ, ಅವಕ್ಕೆ ಕಾಲು ಬೆಲೆಗಿಂತ ಹೆಚ್ಚು ಕೊಡುವುದಿಲ್ಲ ಎಂದಳು. ಗುಬ್ಬಿ ಒಪ್ಪಲಿಲ್ಲ. ಇಬ್ಬರೂ ಆ ಪುಟ್ಟ ಕುರ್ಚಿಗಳಲ್ಲಿ ಕೂತು ಚೌಕಾಸಿ ಮಾಡುತ್ತಲೇ ಇದ್ದರು. ಕಾವಲುಗಾರ ಬಂದು ಗೇಟು ಹಾಕಬೇಕು, ಏಳಿ ಎನ್ನುವ ಹೊತ್ತಿಗೆ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಅಕ್ಕ ದುಡ್ಡು ಎಣಿಸಿ ಕೊಟ್ಟು ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡಳು.